ಫಜರ್‌ಗೆ ತತ್ತಿ, ಇಶಾಕ್ಕೆ ಮರಿ

ಚಾಚಾ ಅವರ ಜುಬ್ಬಾದ ಬಗಲ ಜೇಬಿನಲ್ಲಿ ಯಾವಾಗಲೂ ಒಂದು ಚಹಾದ ಬಸಿ ಇರುತ್ತಿತ್ತು. ಕಪ್ ಇಲ್ಲ, ಬರೀ ಬಸಿ. ಬಿಳಿ ಪಿಂಗಾಣಿಯದು, ಅಂಚಿನಲ್ಲಿ ಒಂದು ಚೂರು ಒಡೆದಿತ್ತು. ಮೊದಲ ದಿನ ಅದನ್ನು ನೋಡಿ, ಚಹಾದ ಮೇಲೆ ಇವರಿಗೆ ಎಷ್ಟು ಆಸೆಯಪ್ಪಾ ಎಂದುಕೊಂಡಿದ್ದೆ. ಆ ಬಸಿಯಲ್ಲಿ ಅವರು ಒಂದು ದಿನವೂ ಚಹಾ ಕುಡಿದವರಲ್ಲ. ಅದು ಮೀನಿನ ತತ್ತಿ ನೋಡಲು ಇಟ್ಟುಕೊಂಡದ್ದು.

ಗಂಗಾವತಿ ಕಡೆಯ ಕಾಲುವೆ ದಂಡೆಯ ಮೇಲೆ ಒಬ್ಬ ಮಾಲೀಕರ ಮೀನುಮರಿ ಕೇಂದ್ರವಿತ್ತು. ಅಲ್ಲಿ ಕಾಟ್ಲಾ, ರೋಹು ಮೀನುಗಳಿಂದ ತತ್ತಿ ಇಡಿಸಿ, ಮರಿ ಮಾಡಿ, ಕೆರೆ ಗುತ್ತಿಗೆ ಹಿಡಿದವರಿಗೆ ಮಾರುತ್ತಿದ್ದರು. ಸಂಜೆ ಮೀನಿಗೆ ತತ್ತಿ ಹಾಕಿಸುವ ಇಂಜೆಕ್ಷನ್ ಕೊಡುವುದರಿಂದ ಹಿಡಿದು ಮರಿ ಎಣಿಸಿ ಚೀಲ ಕಟ್ಟುವವರೆಗೆ ಎಲ್ಲವೂ ಚಾಚಾ ಅವರದೇ ಕೆಲಸ. ನಾನು ಎಂ.ಎಸ್ಸಿ. ಓದುವಾಗ ಪ್ರಬಂಧಕ್ಕೆಂದು ಒಂದು ಮಳೆಗಾಲ ಪೂರ್ತಿ ಅಲ್ಲಿಗೆ ಹೋಗುತ್ತಿದ್ದೆ. ಅವರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅದು ನನ್ನ ತೀರ್ಮಾನವಲ್ಲ.

ಮೊದಲ ದಿನ ಕಾಲೇಜಿನಿಂದ ಸಹಿ ಹಾಕಿ ತಂದ ಸೂಕ್ಷ್ಮದರ್ಶಕವನ್ನು ಅಪ್ಪಿಕೊಂಡು ಬಸ್ಸಿಳಿದಿದ್ದೆ. ಚಾಚಾ ಅದನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

"ಅದನ್ನ ಅಲ್ಲೆ ನೆರಳಾಗ ಇಡು ಬೇಟಾ. ಮೊದಲ ಬರೇ ಕಣ್ಣೀಲೆ ನೋಡೂದು ಕಲಿ."

ದುಂಡನೆಯ ತೊಟ್ಟಿಯಲ್ಲಿ ನೀರು ಸುತ್ತುತ್ತಲೇ ಇತ್ತು, ಅದರೊಂದಿಗೆ ತತ್ತಿಗಳೂ ಸುತ್ತುತ್ತಿದ್ದವು. ಬಸಿಯನ್ನು ಓರೆಯಾಗಿ ಅದ್ದಿ ಒಂದಿಷ್ಟು ತತ್ತಿ ಎತ್ತಿಕೊಂಡು ನನ್ನ ಕೈಗೆ ಕೊಟ್ಟರು. ನನಗೆ ಬರೀ ನೀರು ಕಂಡಿತು. ಬಸಿಯನ್ನು ಬಿಸಿಲಿಗೆ ಹಿಡಿ ಎಂದರು. ಹಿಡಿದೆ. ಸಾಬೂದಾಣಿ ನೆನೆಸಿ ಇಟ್ಟಂತೆ ಕಾಳುಕಾಳು ಕಂಡವು. ಕೆಲವು ಗಾಜಿನಂತೆ ತಿಳಿ, ಕೆಲವು ಹಾಲು ಬಿದ್ದಂತೆ ಬೆಳ್ಳಗೆ.

"ಬೆಳ್ಳಗ ಇದ್ದದ್ದು ಹೋತು. ತಿಳಿ ಇದ್ದದ್ದರಾಗ ಜೀವ ಐತಿ. ಇಷ್ಟು ತಿಳಿದ್ರ ಅರ್ಧ ಕಲಿತಂಗ," ಎಂದರು. ಉಳಿದ ಅರ್ಧ ಕಲಿಯಲು ನಾನು ಹೈದರಾಬಾದಿಗೆ ಹೋಗಿ ಆರು ವರ್ಷ ಕೂತೆ. ಅದೂ ಪೂರ್ತಿ ಬರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಕಾಟ್ಲಾ ಮೀನಿನ ತತ್ತಿ ಮರಿಯಾಗಲು ನಮ್ಮ ಕಡೆಯ ಬೆಚ್ಚನೆಯ ನೀರಿನಲ್ಲಿ ಒಂದು ಹಗಲು ಸಾಕು. ಕೋಳಿಯ ಹಾಗೆ ಮೂರು ವಾರ ಕಾಯುವ ರಗಳೆ ಇಲ್ಲ. ಆ ಹಗಲನ್ನು ಚಾಚಾ ಐದು ನಮಾಜಿನಿಂದ ಅಳೆಯುತ್ತಿದ್ದರು. ಫಜರ್, ಅಂದರೆ ಬೆಳಗಿನ ಜಾವದ ನಮಾಜಿಗೆ ಹೋಗುವ ಮುಂಚೆ ತೊಟ್ಟಿಯಲ್ಲಿ ತತ್ತಿ ಬಿದ್ದಿರುತ್ತಿತ್ತು. ಮಧ್ಯಾಹ್ನದ ಜುಹರ್ ಹೊತ್ತಿಗೆ ತತ್ತಿಯೊಳಗೆ ದಾರದೆಳೆಯಂಥ ಬೆನ್ನು ಮೂಡುತ್ತಿತ್ತು. ಸಂಜೆಯ ಅಸರ್ ಆಗುವಷ್ಟರಲ್ಲಿ ಆ ದಾರ ಮಿಸುಕಾಡುತ್ತಿತ್ತು. ಮಗ್ರಿಬ್ ಮುಗಿಸಿ ಬಂದರೆ ತತ್ತಿಯ ಪೊರೆ ತೆಳುವಾಗಿರುತ್ತಿತ್ತು. ಇಶಾ ಹೊತ್ತಿಗೆ ಮರಿ ಹೊರಗೆ.

"ಫಜರ್‌ಗೆ ತತ್ತಿ, ಇಶಾಕ್ಕ ಮರಿ. ಐದು ನಮಾಜು ಮಾಡೂದ್ರಾಗ ಒಂದು ಜೀವ ತಯಾರಾಗಿ ಕುಂದರ್ತೈತಿ ನೋಡು," ಎನ್ನುತ್ತಿದ್ದರು. ಅವರ ಹತ್ತಿರ ಗಡಿಯಾರ ಇರಲಿಲ್ಲ. ಮೊಬೈಲಿನಲ್ಲಿ ಗಂಟೆ ತೋರಿಸುತ್ತಿತ್ತು, ಆದರೆ ಮೊಬೈಲು ಎಂದೂ ಅವರ ಸಂಗಡ ಇರುತ್ತಿರಲಿಲ್ಲ. ಒದ್ದೆ ಕೈಯ ಕೆಲಸ, ಕೆಟ್ಟೀತು ಎಂದು ಮನೆಯಲ್ಲೇ ಬಿಡುತ್ತಿದ್ದರು. ಹತ್ತಿರದ ಮಸೀದಿಯ ಅಜಾನ್ ತೊಟ್ಟಿಯವರೆಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಮೀನುಮರಿ ಮಾಡುವವರಲ್ಲಿ ಕೈಗುಣ ಎಂಬ ಒಂದು ಮಾತಿದೆ. ಅದೇ ಇಂಜೆಕ್ಷನ್, ಅದೇ ನೀರು, ಅದೇ ಮೀನು. ಒಬ್ಬರು ಕೊಟ್ಟರೆ ತತ್ತಿ ಹಾಕುತ್ತದೆ, ಇನ್ನೊಬ್ಬರು ಕೊಟ್ಟರೆ ಹಾಕುವುದಿಲ್ಲ ಎಂದು ನಂಬಿಕೆ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಕೆರೆಗೆ ಮರಿ ಒಯ್ಯಲು ಬಂದವರು "ಚಾಚಾ ಕೈಯಿಂದ ಕಟ್ಟಿದ ಚೀಲ ಕೊಡ್ರಿ" ಎಂದು ಕೇಳಿ ಒಯ್ಯುತ್ತಿದ್ದರು. ಇದನ್ನು ಕೇಳಿ ನಾನು ನಗುತ್ತಿದ್ದೆ. ಕೈಗುಣ ಎಂಬುದು ವಿಜ್ಞಾನವಲ್ಲ ಎಂದು ಚಾಚಾ ಅವರಿಗೆ ತಿಳಿಸಿಯೂ ಹೇಳಿದ್ದೆ. ಅವರು ಕೈಯನ್ನು ಮುಂದೆ ಚಾಚಿ, ಬೆರಳುಗಳನ್ನು ತಿರುವಿ ನೋಡಿ, "ಏನೂ ಇಲ್ಲ ಬೇಟಾ, ಉಗುರು ಸಣ್ಣಗ ಕತ್ತರಿಸ್ಕೋತೇನಿ, ಅಷ್ಟ," ಎಂದಿದ್ದರು. ಮೀನಿಗೆ ಗಾಯವಾಗಬಾರದೆಂದು.

ಆ ಮಳೆಗಾಲ ಮುಗಿದು ನಾನು ಹೈದರಾಬಾದಿನ ಒಂದು ಪ್ರಯೋಗಾಲಯಕ್ಕೆ ಸಂಶೋಧನೆಗೆಂದು ಸೇರಿದೆ. ಅಲ್ಲಿಯೂ ಮೀನೇ. ಬೆರಳಿನ ಗೆಣ್ಣಿನಷ್ಟು ಉದ್ದದ, ಮೈಮೇಲೆ ಪಟ್ಟೆಯಿರುವ ಝೀಬ್ರಾ ಮೀನು. ಮೊದಲ ರಜೆಗೆ ಊರಿಗೆ ಬಂದಾಗ ಕೇಂದ್ರಕ್ಕೆ ಹೋದೆ. ನೀನು ಅಲ್ಲಿ ಏನು ಓದುತ್ತಿ ಎಂದು ಚಾಚಾ ಕೇಳಿದರು. ನನಗೆ ಒಳ್ಳೆಯ ಪೇಚಾಟಕ್ಕಿಟ್ಟುಕೊಂಡಿತು. ಕೋಶಗಳ ಸಂಕೇತ ಮಾರ್ಗಗಳು ಭ್ರೂಣದ ಜೀನುಗಳನ್ನು ಹೇಗೆ ನಿಯಂತ್ರಿಸುತ್ತವೆ ಎಂಬುದನ್ನು ಗಂಗಾವತಿ ಕನ್ನಡದಲ್ಲಿ ಹೇಳುವ ಪಾಠ ನನಗೆ ಯಾರೂ ಮಾಡಿರಲಿಲ್ಲ.

"ಒಂದು ತತ್ತಿ ಎರಡಾಗಿ, ನಾಕಾಗಿ, ಸಾವಿರ ಕೋಶ ಆಗ್ತೈತಲ್ಲ ಚಾಚಾ, ಅಷ್ಟಕ್ಕೂ ಒಳಗ ಒಂದ ಪುಸ್ತಕ ಇರ್ತೈತಿ," ಎಂದು ಶುರು ಮಾಡಿದೆ. "ಕಣ್ಣು ಮಾಡೂದು ಹೆಂಗ, ಬೆನ್ನು ಮಾಡೂದು ಹೆಂಗ, ಎಲ್ಲಾ ಅದರಾಗ ಬರದಿರ್ತೈತಿ. ಆದ್ರ ಎಲ್ಲಾ ಕೋಶ ಎಲ್ಲಾ ಹಾಳಿ ಓದಂಗಿಲ್ಲ. ಯಾವುದು ಯಾವ ಹಾಳಿ ತೆಗೀಬೇಕು ಅಂತ ಮಗ್ಗಲಿನ ಕೋಶ ಹೇಳಿ ಕಳಸ್ತಾವು."

"ಹೆಂಗ ಹೇಳಿ ಕಳಸ್ತಾವು? ಅವಕ್ಕೇನು ಬಾಯಿ ಐತೇನು?"

"ಒಂದು ಪದಾರ್ಥ ಬಿಡ್ತಾವು. ಅದು ಬಂದು ಕೋಶದ ಗೋಡಿ ತಟ್ಟತೈತಿ. ಒಳಗ ಒಬ್ಬರ ಕೈಯಿಂದ ಒಬ್ಬರ ಕೈಗೆ ಸುದ್ದಿ ದಾಟಿ ಪುಸ್ತಕದ ತನಕ ಹೋಗ್ತೈತಿ. ಆಮ್ಯಾಲ ಒಂದು ಹಾಳಿ ತೆಗೀತೈತಿ, ಇನ್ನೊಂದು ಮುಚ್ಚತೈತಿ. ಹತ್ತಿರ ಇದ್ದ ಕೋಶಕ್ಕ ಆ ಪದಾರ್ಥ ಭಾಳ ಮುಟ್ಟತೈತಿ, ದೂರ ಇದ್ದದ್ದಕ್ಕ ಕಡಿಮಿ. ಭಾಳ ಮುಟ್ಟಿದ್ದು ಒಂದು ಅಂಗ ಆಗ್ತೈತಿ, ಕಡಿಮಿ ಮುಟ್ಟಿದ್ದು ಇನ್ನೊಂದು."

ಚಾಚಾ ತೊಟ್ಟಿಯ ಕಟ್ಟೆಯ ಮೇಲೆ ಕೂತರು. ಆಮೇಲೆ ಕಾಲುವೆಯ ಕಡೆ ಕೈ ತೋರಿಸಿದರು.

"ಇದರಂಗ ಅನ್ನು. ಮ್ಯಾಲಿನ ತೂಬಿನವ್ರಿಗೆ ನೀರು ಭಾಳ, ಭತ್ತ ಹಚ್ತಾರ. ಕೆಳಗ ಹೋದಂಗ ನೀರು ಕಡಿಮಿ, ಜ್ವಾಳ ಹಾಕ್ತಾರ. ಟೇಲೆಂಡಿಗೆ ಹೋದ್ರ ಬರೇ ಕಡ್ಲಿ. ನೀರು ಒಂದ. ಬೀಜ ಎಲ್ಲಾರ ಮನ್ಯಾಗೂ ಎಲ್ಲಾ ಅದಾವು. ಎಷ್ಟು ನೀರು ಮುಟ್ಟತೈತಿ ಅನ್ನೂದರ ಮ್ಯಾಲ ಪೀಕು."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನಮ್ಮ ಮಾರ್ಗದರ್ಶಕರು ಮೂರು ತರಗತಿ ತೆಗೆದುಕೊಂಡು, ಬಣ್ಣದ ಚಿತ್ರ ಹಾಕಿ ಹೇಳಿದ್ದು ಇದನ್ನೇ. ಚಾಚಾ ಅಲ್ಲಿಗೇ ನಿಲ್ಲಿಸಲಿಲ್ಲ.

"ಆದ್ರ ಹೊತ್ತಿಗೆ ಬರಬೇಕು. ಶ್ರಾವಣದಾಗ ಬರೂ ನೀರು ದೀಪಾವಳಿಗೆ ಬಂದ್ರ ಎಷ್ಟು ಬಂದ್ರೇನು, ಏನು ಹಚ್ತಿ? ನಿನ್ನ ತತ್ತಿಯೊಳಗೂ ಹಂಗ ಇರಬೇಕು ನೋಡು."

ಹಾಗೇ ಇತ್ತು. ಸಂಕೇತ ಎಷ್ಟು ಮುಟ್ಟಿತು ಎಂಬುದರಷ್ಟೇ, ಯಾವಾಗ ಮುಟ್ಟಿತು ಎಂಬುದೂ ಭ್ರೂಣಕ್ಕೆ ಮುಖ್ಯ. ಒಂದೊಂದು ಅಂಗಕ್ಕೆ ಒಂದೊಂದು ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ಕೋಶಗಳು ಕಿವಿಗೊಟ್ಟಿರುತ್ತವೆ. ಅದು ಮೀರಿದರೆ ಕೂಗಿದರೂ ಕೇಳುವುದಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ನಾನು ಆರು ವರ್ಷ ಮಾಡಿದ್ದು ಇದನ್ನೇ. ಒಂದು ಸಂಕೇತವನ್ನು ತಡೆಯುವ ಔಷಧಿಯನ್ನು ನೀರಿಗೆ ಹಾಕುವುದು. ಮೊದಲ ಕೆಲವು ಗಂಟೆಗಳಲ್ಲಿ ಹಾಕಿದರೆ ಮರಿಯ ಬಾಲ ಸುರುಳಿ ಸುತ್ತಿಕೊಳ್ಳುತ್ತದೆ. ಹೊತ್ತು ಮೀರಿ ಹಾಕಿದರೆ ಮರಿ ಏನೂ ಆಗಿಲ್ಲವೆಂಬಂತೆ ನೆಟ್ಟಗೆ ಈಜಿಕೊಂಡು ಹೋಗುತ್ತದೆ.

ಕಾಲುವೆಯ ಹೋಲಿಕೆಯನ್ನು ನಾನು ಒಂದು ಸಮ್ಮೇಳನದಲ್ಲಿ ಹೇಳಿದೆ. ಆ ಕಾಲುವೆಯ ಫೋಟೋ ಹಾಕಿ, ಮೇಲೆ ಭತ್ತ, ನಡುವೆ ಜೋಳ, ಕೊನೆಗೆ ಕಡಲೆ ತೋರಿಸಿದೆ. ಜನ ಚಪ್ಪಾಳೆ ತಟ್ಟಿದರು. ಊಟದ ಸಾಲಿನಲ್ಲಿ ಒಬ್ಬ ಹಿರಿಯರು ಬಂದು, ಇಷ್ಟು ಚೆನ್ನಾದ ಹೋಲಿಕೆ ಎಲ್ಲಿ ಸಿಕ್ಕಿತು ಎಂದು ಕೇಳಿದರು. "ನಮ್ಮೂರ ಹತ್ತಿರ ಕಾಲುವೆ ಇದೆ ಸರ್," ಎಂದೆ. ಸುಳ್ಳಲ್ಲ, ಕಾಲುವೆ ಇದೆ. ಅದರ ಪಕ್ಕ ತೊಟ್ಟಿ ಕಟ್ಟೆಯ ಮೇಲೆ ಒಬ್ಬರು ಕೂತಿದ್ದರು ಎಂದು ಮಾತ್ರ ಹೇಳಲಿಲ್ಲ. ಆಮೇಲೆ ಎಷ್ಟೋ ಕಡೆ ಅದೇ ಚಿತ್ರ ಹಾಕಿದೆ. ಪ್ರತಿ ಸಲವೂ ಅವರ ಮಾತಿನ ಮೊದಲರ್ಧವನ್ನಷ್ಟೇ ಹೇಳಿದೆ. ಹೊತ್ತಿನ ಮಾತನ್ನು ಬಿಟ್ಟೆ, ಅದಕ್ಕೆ ಫೋಟೋ ಇರಲಿಲ್ಲ.

ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ ಇರಬೇಕು, ಶ್ರಾವಣದಲ್ಲಿ ಚಾಚಾ ಫೋನ್ ಮಾಡಿದರು. ಅವರು ಫೋನ್ ಮಾಡಿದ್ದು ಅದೇ ಮೊದಲು. ಮರಿಗಳು ಡೊಂಕಾಗಿ ಹುಟ್ಟುತ್ತಿವೆ ಎಂದರು. ಎಲ್ಲವೂ ಅಲ್ಲ, ಕೆಲವು ತೊಟ್ಟಿಯವು. ಬೆನ್ನು ಅಂಕುಡೊಂಕು, ನೆಟ್ಟಗೆ ಈಜಲು ಬಾರದೆ ತಳದಲ್ಲಿ ಗಿರಗಿರನೆ ಸುತ್ತಿ ಸಾಯುತ್ತಿವೆ. ಒಯ್ದವರು ಚೀಲ ಸಮೇತ ತಿರುಗಿ ತಂದು ಮಾಲೀಕರ ಮುಂದೆ ಸುರುವಿ ಹೋಗಿದ್ದಾರೆ. ನಾನು ಪಂಚಮಿಗೆ ಊರಿಗೆ ಬರುವುದಿತ್ತು. ಕೊಪ್ಪಳದಿಂದ ಮುನಿರಾಬಾದಿನ ಚಿಕ್ಕಮ್ಮನ ಮನೆಗೆ ಹೋಗುವಾಗ ಹಿಟ್ನಾಳ ಕ್ರಾಸಿನಲ್ಲಿ ಸಿಗುತ್ತೇನೆ ಎಂದೆ.

ಅವರು ನನಗಿಂತ ಮೊದಲೇ ಬಂದು ನಿಂತಿದ್ದರು. ಕೈಯಲ್ಲಿ ಒದ್ದೆ ಗೋಣಿಚೀಲದ ತುಂಡು ಸುತ್ತಿದ ಒಂದು ಬಾಟಲಿ. ಬಗಲಲ್ಲಿ ಒಂದು ನೋಟ್‌ಬುಕ್. ನಾನು ಅಮ್ಮ ಕಟ್ಟಿಕೊಟ್ಟ ಶೇಂಗಾ ಉಂಡಿ ಎರಡು ಕೊಟ್ಟೆ. ಒಂದನ್ನು ತಿಂದರು, ಇನ್ನೊಂದನ್ನು ಮಗಳಿಗೆಂದು ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಟ್ಟರು. ಆ ಜೇಬಿನಲ್ಲಿ ಬಸಿ ಇದ್ದದ್ದು ನೆನಪಿದೆ. ಉಂಡಿ ಇಡುವಾಗ ಟಣ್ ಎಂದಿತು.

"ಹಳ್ಳದ ನೀರು ಬೇಟಾ," ಎಂದರು. "ಕಾಲುವಿ ನೀರಿಗೆ ಪಾಳಿ ಬಿದ್ದು ನಮಗ ನೀರು ಇಲ್ಲದಾಗ ಮಾಲಕ್ರು ಮೋಟರ್ ಹಚ್ಚಿ ಹಳ್ಳದ ನೀರು ಬಿಡಸ್ತಾರ. ಸುತ್ತ ಗದ್ದ್ಯಾಗ ಭತ್ತದ ಸಸಿಮಡಿಗೆ ಔಷಧ ಹೊಡೀತಾರ. ಅದೆಲ್ಲಾ ಬಸದು ಹಳ್ಳಕ್ಕ ಬರ್ತೈತಿ. ನಾ ಕಣ್ಣಿಟ್ಟು ನೋಡೇನಿ. ಜುಹರ್‌ಕಿಂತ ಮೊದಲ ಆ ನೀರು ಬಿದ್ರ ಮರಿ ಡೊಂಕು. ಜುಹರ್ ಆದ ಮ್ಯಾಲ ಬಿದ್ರ ಏನೂ ಆಗಂಗಿಲ್ಲ, ಬೆನ್ನು ನೆಟ್ಟಗ. ಎಲ್ಲಾ ಬರದು ಇಟ್ಟೇನಿ."

ಈ ಮಾತು ಕೇಳಿ ನಾನು ನಿಂತಲ್ಲೇ ಚಕಿತಳಾಗಬೇಕಿತ್ತು. ನಾನು ಹೈದರಾಬಾದಿನಲ್ಲಿ ದುಡ್ಡು ಕೊಟ್ಟು ತರಿಸಿದ ಔಷಧಿ ಹಾಕಿ ತೋರಿಸುತ್ತಿದ್ದದ್ದನ್ನು ಇವರು ಹಳ್ಳದ ನೀರಿನಲ್ಲಿ ಕಂಡು ಹೇಳುತ್ತಿದ್ದರು. ನಾನು ನೋಟ್‌ಬುಕ್ ತಿರುವಿ ಹಾಕಿದೆ. ದುಂಡಗಿನ ಕನ್ನಡ ಅಕ್ಷರ. ತಾರೀಖು, ತೊಟ್ಟಿಯ ನಂಬರು, ಆಮೇಲೆ ಬರೀ ನಮಾಜು. "ಫಜರ್‌ಗೆ ತತ್ತಿ. ಜುಹರ್ ಅಜಾನಿಗಿಂತ ಮೊದಲು ಹಳ್ಳದ ನೀರು. ಮರಿ ಡೊಂಕು." "ಅಸರ್ ಆಗಿ ಹಳ್ಳದ ನೀರು. ಮರಿ ನೆಟ್ಟಗೆ." ಒಂದು ಕಡೆಯೂ ಗಂಟೆ ಇಲ್ಲ, ನಿಮಿಷ ಇಲ್ಲ.

"ಗಂಟೆ ಬರೀಬೇಕಿತ್ತು ಚಾಚಾ. ಫಜರ್, ಜುಹರ್ ಅಂದ್ರ ಯಾರು ಒಪ್ತಾರ? ಇದು ದಾಖಲೆ ಆಗಂಗಿಲ್ಲ," ಎಂದೆ.

"ಅದಕ್ಕ ತಖ್ತಾ ಐತಲ್ಲ ಬೇಟಾ," ಎಂದು ಏನೋ ಹೇಳಲು ಹೊರಟರು. ನನ್ನ ಬಸ್ಸು ಬಂತು. ನಾನು ಬಾಟಲಿ ಇಸಿದುಕೊಂಡೆ. ನೋಟ್‌ಬುಕ್ಕನ್ನು ಅವರ ಕೈಗೇ ವಾಪಸು ಕೊಟ್ಟೆ.

"ಒಂದು ಚೀಟಿ ಬರದು ಕೊಡು ಬೇಟಾ. ನೀರಿನ ದೋಷ, ಕೈ ದೋಷ ಅಲ್ಲ ಅಂತ. ಕಾಲೇಜು ಕಲಿತವರು ಬರದ್ರ ಮಾಲಕ್ರು ಕೇಳ್ತಾರ. ಅವರು ನನ್ನ ಕೈ ಕೆಟ್ಟೈತಿ ಅನ್ನಾಕ ಹತ್ಯಾರ," ಎಂದರು. ಬಸ್ಸಿನ ಬಾಗಿಲ ಕಂಬಿ ಹಿಡಿದು ನಾನು, "ಪರೀಕ್ಷೆ ಮಾಡಿ ಬರದು ಕಳಸ್ತೇನ್ರಿ ಚಾಚಾ," ಎಂದೆ. ಅವರು ಕೈ ಎತ್ತಿದರು. ಉಗುರುಗಳು ಸಣ್ಣಗೆ ಕತ್ತರಿಸಿದ್ದವು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಬಾಟಲಿಯನ್ನು ಹೈದರಾಬಾದಿಗೆ ಒಯ್ದೆ. ಮಾರ್ಗದರ್ಶಕರಿಗೆ ಹೇಳಿದಾಗ, ಇದು ನಮ್ಮ ಯೋಜನೆಯಲ್ಲಿ ಇಲ್ಲ, ಮೊದಲು ನಿನ್ನ ಕೆಲಸ ಮುಗಿಸು ಎಂದರು. ಅವರನ್ನು ದೂರಿ ನಾನು ಪಾರಾಗಲಾರೆ. ಅಷ್ಟು ತತ್ತಿ ನನ್ನ ಕೈಯಲ್ಲೇ ಇದ್ದವು, ಒಂದು ಭಾನುವಾರ ಸಾಕಿತ್ತು. ಬಾಟಲಿಯನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಟ್ಟೆ. ಒಂದು ಪ್ರಯೋಗ, ಇನ್ನೊಂದು ಪ್ರಯೋಗ, ಒಂದು ಸಮ್ಮೇಳನ. ಮರು ಬೇಸಿಗೆಯಲ್ಲಿ ಫ್ರಿಜ್ಜು ತೊಳೆಯುವಾಗ ಅದು ಲೋಳೆಗಟ್ಟಿತ್ತು. ಚೆಲ್ಲಿದೆ.

ಪರೀಕ್ಷೆ ಇಲ್ಲದೆಯೂ ಚೀಟಿ ಬರೆಯಬಹುದಿತ್ತು. ನೀರಿನಿಂದ ಹೀಗಾಗಲು ಸಾಧ್ಯವಿದೆ, ಹಳ್ಳದ ನೀರು ನಿಲ್ಲಿಸಿ ನೋಡಿ ಎಂದು ಎರಡು ಸಾಲು. ಅಷ್ಟು ಬರೆಯಲು ನನಗೆ ಏನು ಅಡ್ಡಿಯಿತ್ತು? ಖಚಿತವಿಲ್ಲದೆ ಬರೆಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ವಿಜ್ಞಾನಿಯ ಎಚ್ಚರಿಕೆ ಎಂದು ಆಗ ಅನ್ನಿಸಿತ್ತು. ಈಗ ನೋಡಿದರೆ ಬರೀ ಸೋಮಾರಿತನ, ಅದಕ್ಕೆ ಒಂದು ಒಳ್ಳೆಯ ಅಂಗಿ ತೊಡಿಸಿದ್ದೆ. ಅವರು ಎರಡು ಸಲ ಫೋನ್ ಮಾಡಿದರು. ಮೊದಲ ಸಲ ಎತ್ತಿ, ಆಗ್ತೈತ್ರಿ ಎಂದೆ. ಎರಡನೆಯ ಸಲ ಎತ್ತಲಿಲ್ಲ. ಮೂರನೆಯ ಸಲ ಅವರು ಮಾಡಲಿಲ್ಲ.

ಮಾಲೀಕರು ಅವರನ್ನು ಕೆಲಸದಿಂದ ಬಿಡಿಸಿದರು. ಸುತ್ತಮುತ್ತ ಬೇರೆ ಮರಿ ಕೇಂದ್ರಗಳಿದ್ದವು, ಯಾರೂ ಕರೆಯಲಿಲ್ಲ. ಕೈಗುಣದ ಹೆಸರು ಎಷ್ಟು ಬೇಗ ಬೆಳೆದಿತ್ತೋ ಅದಕ್ಕಿಂತ ಬೇಗ ಕೆಟ್ಟಿತು. ಕುಷ್ಟಗಿಯಿಂದ ಬಂದವರು ಈಗ "ಚಾಚಾ ಮುಟ್ಟಿದ ಮರಿ ಅಲ್ಲ ಹೌದಲ್ರಿ?" ಎಂದು ಕೇಳಿ ಒಯ್ಯುತ್ತಿದ್ದರಂತೆ. ಇದನ್ನು ನನಗೆ ಹೇಳಿದವನು ನಗುತ್ತ ಹೇಳಿದ.

ಆಮೇಲೆ ಅವರನ್ನು ನಾನು ಒಮ್ಮೆ ಮಾತ್ರ ಕಂಡೆ. ಪಿಎಚ್.ಡಿ. ಮುಗಿಸಿ ಕೊಪ್ಪಳದ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ್ದೆ. ಗಂಗಾವತಿಯ ಒಂದು ಅಕ್ಕಿ ಗಿರಣಿಯ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾವಲುಗಾರನ ನೀಲಿ ಅಂಗಿ, ಅದಕ್ಕೆ ಬಗಲ ಜೇಬು ಇರಲಿಲ್ಲ. ನನ್ನನ್ನು ಕಂಡ ಕೂಡಲೇ ಎದ್ದು ನಿಂತರು. ನಾನು ತಲೆ ತಗ್ಗಿಸಿದೆ. ಅವರು ಬೈಯಲಿ ಎಂದು ಕಾದೆ. ಅವರು ಕುರ್ಚಿ ಒರೆಸಿ ನನ್ನ ಕಡೆ ಸರಿಸಿದರು.

"ನಿನ್ನ ಮೀನು ಹೆಂಗದಾವು ಬೇಟಾ?"

"ಛಲೋ ಅದಾವ್ರಿ ಚಾಚಾ."

"ಅವಕ್ಕ ಎಷ್ಟು ಹೊತ್ತು ಬೇಕಾಗ್ತೈತಿ ಮರಿ ಆಗಾಕ?"

ಎರಡು, ಮೂರು ದಿನ ಎಂದೆ. ಅವರು ಬೆರಳು ಮಡಚಿ ಎಣಿಸಿ, "ಹತ್ತು ಹದಿನೈದು ನಮಾಜು. ಭಾಳ ಸಾವಕಾಶ ಐತಿ ನಿನ್ನ ಮೀನು," ಎಂದು ನಕ್ಕರು. ನನ್ನ ಚೀಟಿಯ ಬಗ್ಗೆ ಒಂದು ಮಾತು ಕೇಳಲಿಲ್ಲ. ನಾನೂ ಎತ್ತಲಿಲ್ಲ. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ, ಇನ್ನೊಮ್ಮೆ ಬಂದಾಗ ಹೇಳೋಣ ಎಂದುಕೊಂಡೆ. ಆ ಇನ್ನೊಮ್ಮೆ ಬರಲೇ ಇಲ್ಲ.

ಈ ವರ್ಷ ಮಳೆಗಾಲದ ಶುರುವಿನಲ್ಲಿ ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಪರಿಚಯದ ಮೀನುಮರಿ ವ್ಯಾಪಾರಿಯೊಬ್ಬ ಸಿಕ್ಕ. ಮಾತಿನ ನಡುವೆ, "ಚಾಚಾ ಹೋದ್ರಲ್ರಿ ಮೇಡಂ. ಎರಡು ತಿಂಗಳಾತು. ನಿಮಗ ಗೊತ್ತಿಲ್ಲೇನು?" ಎಂದ. ಗೊತ್ತಿರಲಿಲ್ಲ. ಯಾರು ತಿಳಿಸಬೇಕಿತ್ತು ನನಗೆ?

ಮರುದಿನವೇ ಗಂಗಾವತಿಗೆ ಹೋದೆ. ಮನೆಯಲ್ಲಿ ಮಗಳಿದ್ದಳು. ಅವಳು ಅದೇ ಊರಿನ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ನಾನು ಹೆಸರು ಹೇಳುವ ಮೊದಲೇ, "ಹೈದರಾಬಾದ್ ಅಕ್ಕಾರ ಹೌದಲ್ರಿ? ಬರ್ರಿ," ಎಂದಳು. ಚಹಾ ತಂದುಕೊಟ್ಟಳು. ಬಸಿಯ ಅಂಚು ನೋಡಿದೆ, ಒಡೆದಿರಲಿಲ್ಲ, ಬೇರೆಯದು.

ನಾನು ಎಲ್ಲವನ್ನೂ ಹೇಳಿದೆ. ಬಾಟಲಿ, ಫ್ರಿಜ್ಜು, ಲೋಳೆ, ಎತ್ತದ ಫೋನು. ಅವಳು ಕಣ್ಣು ಕದಲಿಸದೆ ಕೇಳಿದಳು.

"ನಮ್ಮ ಲ್ಯಾಬಿನ್ಯಾಗ ಬಂದ ಸ್ಯಾಂಪಲ್ ಒಂದಿನ ಹಂಗ ಬಿಟ್ರ ಕೆಡ್ತೈತ್ರಿ," ಎಂದಳು. ಬೈದದ್ದಲ್ಲ, ಇದ್ದದ್ದನ್ನು ಹೇಳಿದ್ದು. "ಅವತ್ತು ಅಬ್ಬಾ ನೀವು ಕೊಟ್ಟ ಶೇಂಗಾ ಉಂಡಿ ತಂದಿದ್ರು. ಚೀಟಿನೂ ಬರ್ತೈತಿ, ಚಿಂತಿ ಇಲ್ಲ ಅಂದಿದ್ರು," ಎಂದಳು.

ಆಮೇಲೆ ಅವಳೇ ನೋಟ್‌ಬುಕ್ ತಂದಳು. ನಾನು ತಿರುವುತ್ತ, ಗಂಟೆ ಒಂದು ಬರೆದಿದ್ದರೆ ಎಂದು ಗೊಣಗಿದೆ. ಆಗ ಅವಳು ಗೋಡೆಯ ಕಡೆ ನೋಡಿದಳು. ಕಟ್ಟು ಹಾಕಿಸಿದ ಒಂದು ದೊಡ್ಡ ಹಾಳೆ ತೂಗುತ್ತಿತ್ತು. ವರ್ಷದ ಮುನ್ನೂರ ಅರವತ್ತೈದು ದಿನ, ಪ್ರತಿ ದಿನದ ಎದುರು ಐದು ನಮಾಜಿನ ವೇಳೆ, ಗಂಟೆ ಮತ್ತು ನಿಮಿಷದಲ್ಲಿ.

"ಅಬ್ಬಾ ಈ ತಖ್ತಾ ನೋಡೇ ಬರೀತಿದ್ರು. ಅಜಾನೂ ಇದರ ಪ್ರಕಾರ ಆಗ್ತೈತಿ. ತಾರೀಖು ಐತಿ, ನಮಾಜು ಐತಿ. ಮತ್ತ ಗಂಟಿ ಯಾಕ ಬೇಕ್ರಿ?"

ಹಿಟ್ನಾಳ ಕ್ರಾಸಿನಲ್ಲಿ ಅವರು ಹೇಳಲು ಹೊರಟದ್ದು ಇದೇ. ಬಸ್ಸು ಇನ್ನೊಂದು ನಿಮಿಷ ತಡವಾಗಿದ್ದರೆ ಎಂದು ತಪ್ಪನ್ನು ಬಸ್ಸಿನ ಮೇಲೆ ಹಾಕಲು ನೋಡಿದೆ; ಆ ದಾರಿಯಲ್ಲಿ ತಾಸಿಗೆ ನಾಲ್ಕು ಬಸ್ಸು ಓಡುತ್ತವೆ. ಮನೆಗೆ ಬಂದು ನನ್ನ ಹಳೆಯ ಎಂ.ಎಸ್ಸಿ. ಪ್ರಬಂಧ ತೆಗೆದೆ. ಅದರಲ್ಲಿ ನಾನು "ಸುಮಾರು ಬೆಳಿಗ್ಗೆ ಹತ್ತು," "ಮಧ್ಯಾಹ್ನದ ಹೊತ್ತಿಗೆ" ಎಂದೆಲ್ಲ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಇಬ್ಬರಲ್ಲಿ ದಾಖಲೆ ಇಟ್ಟವರು ಚಾಚಾ.

ತಖ್ತಾದ್ದೂ ನೋಟ್‌ಬುಕ್ಕಿನ ಹಾಳೆಗಳದ್ದೂ ಫೋಟೋ ತೆಗೆದು ತಂದಿದ್ದೆ. ಮೂರು ದಿನ ಕೂತು ನೋಟ್‌ಬುಕ್ಕಿನ ಪ್ರತಿ ಸಾಲನ್ನೂ ಗಂಟೆಗೆ ಇಳಿಸಿದೆ. ತತ್ತಿ ಬಿದ್ದ ವೇಳೆ ಒಂದು ಕಡೆ, ಹಳ್ಳದ ನೀರು ಬಿದ್ದ ವೇಳೆ ಇನ್ನೊಂದು ಕಡೆ. ಅವರು ಹೇಳಿದ್ದು ಒಂದು ಸಾಲಿನಲ್ಲೂ ಸುಳ್ಳಾಗಲಿಲ್ಲ. ಭ್ರೂಣದಲ್ಲಿ ಬೆನ್ನು ಮೂಡುವ ಸಂಕೇತಗಳು ಓಡಾಡುವ ಹೊತ್ತಿನಲ್ಲಿ ಆ ನೀರು ಬಿದ್ದ ತೊಟ್ಟಿಗಳಲ್ಲಷ್ಟೇ ಮರಿ ಡೊಂಕು. ಬೆನ್ನು ಕೂತ ಮೇಲೆ ಬಿದ್ದಲ್ಲಿ ನೆಟ್ಟಗೆ. ಇಂಜೆಕ್ಷನ್ ಅದೇ, ಕೈಯೂ ಅದೇ. ನೀರಿನಲ್ಲಿ ಇದ್ದದ್ದು ಯಾವ ಔಷಧಿ, ಅದು ಯಾವ ಸಂಕೇತಕ್ಕೆ ಅಡ್ಡ ನಿಂತಿತು ಎಂದು ನನಗೆ ಈಗಲೂ ಗೊತ್ತಿಲ್ಲ. ಅದನ್ನು ಹೇಳಬಲ್ಲ ಬಾಟಲಿಯನ್ನು ನಾನೇ ಚೆಲ್ಲಿದೆ.

ಎರಡು ಪುಟ ಬರೆದು, ಕೆಳಗೆ ಸಹಿ ಹಾಕಿ, ಮತ್ತೆ ಗಂಗಾವತಿಗೆ ಹೋದೆ. ಮಗಳು ನಿಂತುಕೊಂಡೇ ಓದಿದಳು. ಮಡಚಿ ನೋಟ್‌ಬುಕ್ಕಿನ ಒಳಗೆ ಇಟ್ಟಳು. ಇದನ್ನು ಪತ್ರಿಕೆಯಲ್ಲೂ ಬರೆಯುತ್ತೇನೆ, ಚಾಚಾ ಅವರ ಪೂರ್ತಿ ಹೆಸರು ಹಾಕಿ, ಕಾಲುವೆಯ ಮಾತೂ ಅವರದೇ ಎಂದು ಹೇಳಿ ಬರೆಯುತ್ತೇನೆ ಎಂದೆ. ಅಷ್ಟನ್ನಾದರೂ ಮಾಡಬಹುದು ಎಂಬ ಸಮಾಧಾನ ನನ್ನ ದನಿಯಲ್ಲಿ ಇತ್ತೋ ಏನೋ.

"ಹೆಸರು ಬ್ಯಾಡ್ರಿ ಅಕ್ಕಾರ," ಎಂದಳು. "ಡೊಂಕು ಮರಿ ಮಾಡಿದ ಚಾಚಾ ಅಂತ ಕರಿಯೂದು ಈಗೀಗ ನಿಂತೈತಿ. ಅಬ್ಬಾನ ಹೆಸರು ಮತ್ತ ಕಂಡ್ರ ಮಂದಿಗೆ ಮೊದಲ ಅದ ನೆನಪಾಗ್ತೈತಿ. ನೀವು ಬರದದ್ದು ಪೂರಾ ಓದವ್ರು ಎಷ್ಟು ಮಂದಿ?"

ಹೊರಗೆ ಜುಹರ್ ಅಜಾನ್ ಶುರುವಾಯಿತು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು, ಅದು ಮುಗಿಯುವವರೆಗೆ ಸುಮ್ಮನಿದ್ದಳು.

"ಹೆಸರು ಹಾಕೂ ಹೊತ್ತಿಗೆ ಹಾಕಬೇಕಿತ್ರಿ," ಎಂದಳು ಆಮೇಲೆ. "ಈಗ ಒಂದು ಬರೀರಿ, ಸಾಕು. ಕೈ ಕೆಟ್ಟಿರಲಿಲ್ಲ ಅಂತ ಬರೀರಿ. ಗೊತ್ತಿದ್ದವ್ರಿಗೆ ಗೊತ್ತಾಗ್ತೈತಿ."

ಬರೆಯುತ್ತಿದ್ದೇನೆ. ಅವರ ಕೈ ಕೆಟ್ಟಿರಲಿಲ್ಲ.